ತೂಕದ ಯಂತ್ರಕ್ಕೆ ಕಾಣದ ತೂಕ: ಬೊಜ್ಜು, ಜೀವಕೋಶದ ಮುಪ್ಪು ಮತ್ತು ಮೈಸೂರಿನ ಹೆರಿಗೆ ದಾಖಲೆಗಳು

ಬೊಜ್ಜು ಬಂದವರ ಜೀವಕೋಶಗಳು ಒಂಬತ್ತು ವರ್ಷ ಮೊದಲೇ ಮುಪ್ಪಾಗುತ್ತವೆ ಎಂಬ ಮಾತನ್ನು ಈಗ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಗೆ ಬರುವವರೂ ಆಡುತ್ತಾರೆ. ಮೊಬೈಲಿನಲ್ಲಿ ಹರಿದಾಡುವ ಆರೋಗ್ಯ ಸಲಹೆಗಳಲ್ಲಿ, ತೂಕ ಇಳಿಸಿಕೊಡುವ ಕೇಂದ್ರಗಳ ಜಾಹೀರಾತುಗಳಲ್ಲಿ, ರಕ್ತದ ಹನಿಯಿಂದ ‘ನಿಜವಾದ ವಯಸ್ಸು’ ಹೇಳುವುದಾಗಿ ಭರವಸೆ ಕೊಡುವ ಪರೀಕ್ಷೆಗಳ ಪ್ರಚಾರದಲ್ಲಿ ಇದೇ ಮಾತು ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಮಾತಿನಲ್ಲಿ ಸತ್ಯವಿದೆ. ಆದರೆ ಅದನ್ನು ಕೇಳಿದವರು ಸಾಮಾನ್ಯವಾಗಿ ಎರಡು ತೀರ್ಮಾನಕ್ಕೆ ಬರುತ್ತಾರೆ: ತೂಕದ ಯಂತ್ರದಲ್ಲಿ ಕಾಣುವ ಅಂಕಿಯೇ ಮುಪ್ಪಿನ ಅಳತೆ ಎಂಬುದು ಒಂದು, ತೆಳ್ಳಗಿರುವವರಿಗೆ ಈ ಚಿಂತೆ ಇಲ್ಲ ಎಂಬುದು ಇನ್ನೊಂದು. ಎರಡೂ ತಪ್ಪು. ಅವು ಏಕೆ ತಪ್ಪು ಎಂಬುದಕ್ಕೆ ಜಗತ್ತಿನ ವೈದ್ಯವಿಜ್ಞಾನಕ್ಕೆ ಸಿಕ್ಕಿರುವ ಒಳ್ಳೆಯ ಪುರಾವೆಗಳಲ್ಲಿ ಒಂದು ಮೈಸೂರಿನ ಮಂಡಿ ಮೊಹಲ್ಲಾದ ಆಸ್ಪತ್ರೆಯೊಂದರ ಹಳೆಯ ಹೆರಿಗೆ ದಾಖಲೆಗಳಲ್ಲಿದೆ.

ಮೊದಲು ಆ ಒಂಬತ್ತು ವರ್ಷದ ಲೆಕ್ಕ ಎಲ್ಲಿಂದ ಬಂತೆಂದು ನೋಡೋಣ. 2005ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬ್ರಿಟನ್ನಿನ ಸಂಶೋಧಕರ ಒಂದು ಪ್ರಬಂಧ ಪ್ರಕಟವಾಯಿತು. 18ರಿಂದ 76 ವರ್ಷದೊಳಗಿನ 1,122 ಮಹಿಳೆಯರ ರಕ್ತದ ಬಿಳಿ ಕಣಗಳಲ್ಲಿ ಅವರು ಟೆಲೊಮಿಯರ್‌ಗಳ, ಅಂದರೆ ವರ್ಣತಂತುಗಳ ತುದಿಗಳನ್ನು ಕಾಯುವ ಭಾಗಗಳ, ಉದ್ದವನ್ನು ಅಳೆದಿದ್ದರು. ವಯಸ್ಸು ಒಂದೊಂದು ವರ್ಷ ಏರಿದಂತೆ ಈ ಉದ್ದ ಸರಾಸರಿ 27 ಡಿಎನ್‌ಎ ಅಕ್ಷರಗಳಷ್ಟು ಕಡಿಮೆಯಾಗುತ್ತಿತ್ತು. ಸ್ಥೂಲಕಾಯದ ಮಹಿಳೆಯರಲ್ಲಿ ಅದು ತೆಳ್ಳಗಿನವರಿಗಿಂತ 240 ಅಕ್ಷರಗಳಷ್ಟು ಗಿಡ್ಡವಾಗಿತ್ತು. 240ನ್ನು 27ರಿಂದ ಭಾಗಿಸಿದರೆ ಒಂಬತ್ತಕ್ಕೆ ಸಮೀಪದ ಸಂಖ್ಯೆ ಬರುತ್ತದೆ. ಅದೇ ಅಧ್ಯಯನದಲ್ಲಿ ದಿನಕ್ಕೊಂದು ಪ್ಯಾಕ್‌ನಂತೆ 40 ವರ್ಷ ಸಿಗರೇಟು ಸೇದುವುದಕ್ಕೆ ಸಮನಾದ ನಷ್ಟ ಸುಮಾರು ಏಳೂವರೆ ವರ್ಷವೆಂದು ಲೆಕ್ಕ ಹಾಕಲಾಗಿತ್ತು. ಬೊಜ್ಜನ್ನು ಹೊಗೆಸೊಪ್ಪಿನ ಪಕ್ಕದಲ್ಲಿಟ್ಟು ನೋಡುವ ರೂಢಿ ಬೆಳೆಯುವುದಕ್ಕೆ ಈ ಹೋಲಿಕೆಯೂ ಒಂದು ಕಾರಣ.

ಟೆಲೊಮಿಯರ್ ಎಂದರೇನು ಎಂಬುದನ್ನು ಇಲ್ಲಿನ ಮನೆಗಳಲ್ಲಿ ವಿವರಿಸುವುದು ಕಷ್ಟವಲ್ಲ. ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಅಂದಕ್ಕಷ್ಟೇ ಅಲ್ಲ, ಅಂಚಿನ ಎಳೆಗಳು ಬಿಚ್ಚಿಕೊಳ್ಳದಿರಲಿ ಎಂದೂ ಹೌದು. ನಮ್ಮ ಪ್ರತಿ ಜೀವಕೋಶದ 46 ವರ್ಣತಂತುಗಳ 92 ತುದಿಗಳಲ್ಲಿ ಇಂಥದೇ ಕುಚ್ಚುಗಳಿವೆ. ಆರು ಅಕ್ಷರಗಳ ಒಂದೇ ಪದ ಸಾವಿರಾರು ಸಲ ಮರುಕಳಿಸಿ ಆದ ರಚನೆ ಅದು. ಅದರಲ್ಲಿ ಬೇರೆ ಸಂದೇಶವಿಲ್ಲ, ಒಳಗಿನ ಸಂದೇಶವನ್ನು ಕಾಯುವುದೇ ಅದರ ಕೆಲಸ. ಜೀವಕೋಶ ಪ್ರತಿ ಸಲ ಇಬ್ಭಾಗವಾದಾಗಲೂ ಡಿಎನ್‌ಎಯನ್ನು ನಕಲು ಮಾಡುವ ವ್ಯವಸ್ಥೆಗೆ ತುತ್ತತುದಿಯನ್ನು ಪೂರ್ತಿ ನಕಲು ಮಾಡಲಾಗದೆ ಕುಚ್ಚು ಸ್ವಲ್ಪ ಸ್ವಲ್ಪ ಸವೆಯುತ್ತದೆ. ಮನುಷ್ಯನ ಸಾಮಾನ್ಯ ಜೀವಕೋಶಗಳು ಪ್ರಯೋಗಾಲಯದ ತಟ್ಟೆಯಲ್ಲಿ 40ರಿಂದ 60 ಸಲ ವಿಭಜನೆಯಾಗಿ ನಿಂತುಬಿಡುತ್ತವೆ ಎಂದು ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲಿ ತೋರಿಸಿದ್ದರು. ಆ ಮಿತಿಯ ಹಿಂದೆ ಈ ಸವೆತವಿದೆ ಎಂಬುದು ಅನಂತರ ಸ್ಪಷ್ಟವಾಯಿತು. ಟೆಲೊಮಿಯರ್‌ಗಳನ್ನೂ ಅವನ್ನು ಮತ್ತೆ ಕಟ್ಟಬಲ್ಲ ಟೆಲೊಮರೇಸ್ ಕಿಣ್ವವನ್ನೂ ಕುರಿತ ಕೆಲಸಕ್ಕಾಗಿ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರೊಲ್ ಗ್ರೈಡರ್ ಮತ್ತು ಜ್ಯಾಕ್ ಶೋಸ್ಟಾಕ್ ಅವರಿಗೆ 2009ರ ನೊಬೆಲ್ ಪುರಸ್ಕಾರ ಸಂದಿತು.

ಬೊಜ್ಜು ಈ ಕುಚ್ಚನ್ನು ಸವೆಸುವುದು ಎರಡು ದಾರಿಯಿಂದ. ದೇಹದಲ್ಲಿ ಉರಿಯೂತ ನಿರಂತರವಾಗಿದ್ದರೆ ಬಿಳಿ ರಕ್ತಕಣಗಳನ್ನು ಹೆಚ್ಚು ಹೆಚ್ಚು ತಯಾರಿಸಬೇಕಾಗುತ್ತದೆ. ಹೆಚ್ಚು ತಯಾರಿ ಎಂದರೆ ಹೆಚ್ಚು ವಿಭಜನೆ, ಹೆಚ್ಚು ವಿಭಜನೆ ಎಂದರೆ ಹೆಚ್ಚು ಸವೆತ. ಜತೆಗೆ ಇಂಧನ ಅತಿಯಾಗಿ ಉರಿದಾಗ ಹುಟ್ಟುವ ಆಮ್ಲಜನಕದ ಉಗ್ರ ಕಣಗಳು ಡಿಎನ್‌ಎಯ ಇತರ ಭಾಗಗಳಿಗಿಂತ ಈ ತುದಿಗಳಿಗೆ ಹೆಚ್ಚು ಹಾನಿ ಮಾಡುತ್ತವೆ. ಆದರೂ ಒಂಬತ್ತು ವರ್ಷ ಎಂಬ ಸಂಖ್ಯೆಯನ್ನು ಒಬ್ಬ ವ್ಯಕ್ತಿಯ ಮೇಲೆ ಹೇರುವುದು ಸರಿಯಲ್ಲ. ಅದು ಗುಂಪುಗಳ ಸರಾಸರಿಗಳ ನಡುವಿನ ಅಂತರ. ಟೆಲೊಮಿಯರ್ ಉದ್ದದ ಬಹುಪಾಲು ತಂದೆತಾಯಿಗಳಿಂದ ಬರುತ್ತದೆ. ಒಂದೇ ವಯಸ್ಸಿನ, ಒಂದೇ ತೂಕದ ಇಬ್ಬರಲ್ಲಿ ಸಾವಿರಾರು ಅಕ್ಷರಗಳ ವ್ಯತ್ಯಾಸವಿರಬಹುದು. ಉದ್ದವಾದಷ್ಟೂ ಒಳ್ಳೆಯದು ಎಂಬುದೂ ನಿಜವಲ್ಲ. ಹುಟ್ಟಿನಿಂದ ಉದ್ದನೆಯ ಟೆಲೊಮಿಯರ್ ಇರುವ ಆನುವಂಶಿಕ ಪ್ರವೃತ್ತಿಯವರಲ್ಲಿ ಹೃದ್ರೋಗದ ಸಾಧ್ಯತೆ ಕಡಿಮೆಯಾದರೂ ಹಲವು ಬಗೆಯ ಕ್ಯಾನ್ಸರ್‌ಗಳ ಸಾಧ್ಯತೆ ಹೆಚ್ಚು ಎಂದು ಬಳಿಕದ ಅಧ್ಯಯನಗಳು ತೋರಿಸಿವೆ. ಹಾಗಾಗಿ ಒಂದು ಸಲದ ರಕ್ತ ಪರೀಕ್ಷೆಯಿಂದ ‘ನಿಮ್ಮ ಜೀವಕೋಶಗಳಿಗೆ 58 ವರ್ಷ’ ಎಂದು ಚೀಟಿ ಬರೆದು ಕೊಡುವುದಕ್ಕೆ ಸಾವಿರಾರು ರೂಪಾಯಿ ಕೊಡಬೇಡಿ ಎಂದೇ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಟೆಲೊಮಿಯರ್‌ಗಿಂತ ಹೆಚ್ಚು ನಂಬಿಕೆಗೆ ಪಾತ್ರವಾದ ಇನ್ನೊಂದು ಗಡಿಯಾರವಿದೆ. ಡಿಎನ್‌ಎಯ ಅಕ್ಷರಗಳು ಬದಲಾಗದಿದ್ದರೂ ಅವುಗಳ ಮೇಲೆ ಅಂಟಿಕೊಳ್ಳುವ ಸಣ್ಣ ರಾಸಾಯನಿಕ ಗುರುತುಗಳು ವಯಸ್ಸಿನೊಂದಿಗೆ ನಿಯತವಾಗಿ ಬದಲಾಗುತ್ತವೆ. ಇಂಥ 353 ಜಾಗಗಳನ್ನು ಆರಿಸಿ ಸ್ಟೀವ್ ಹೊರ್ವಾಥ್ 2013ರಲ್ಲಿ ವಯಸ್ಸನ್ನು ಅಂದಾಜು ಮಾಡುವ ಲೆಕ್ಕವೊಂದನ್ನು ರೂಪಿಸಿದರು. ಮರುವರ್ಷ ಅವರೂ ಅವರ ಸಂಗಡಿಗರೂ ಅದೇ ಗಡಿಯಾರವನ್ನು ರಕ್ತ, ಸ್ನಾಯು, ಕೊಬ್ಬು ಮತ್ತು ಲಿವರಿನ ಮೇಲೆ ಪ್ರಯೋಗಿಸಿ, ತೂಕಕ್ಕೂ ಮುಪ್ಪಿಗೂ ಇರುವ ಸಂಬಂಧವನ್ನು ಹುಡುಕಿದರು. ಎತ್ತರ ಮತ್ತು ತೂಕದ ಅನುಪಾತವಾದ ಬಿಎಂಐ 10 ಅಂಕ ಹೆಚ್ಚಾದಾಗ ಲಿವರಿನ ವಯಸ್ಸು ಸರಾಸರಿ 3.3 ವರ್ಷ ಮುಂದೆ ಓಡಿತ್ತು. ಉಳಿದ ಮೂರು ಅಂಗಾಂಶಗಳಲ್ಲಿ ಅಂಥ ಸ್ಪಷ್ಟ ಸಂಬಂಧ ಆ ಅಧ್ಯಯನದಲ್ಲಿ ಕಾಣಲಿಲ್ಲ. ಈ ಫಲಿತಾಂಶಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂದು ನನಗೆ ಅನ್ನಿಸುತ್ತದೆ. ಒಂದೇ ದೇಹದಲ್ಲಿ, ಒಂದೇ ತೂಕವನ್ನು ಹೊತ್ತು, ಒಂದು ಅಂಗ ಬೇಗ ಮುದಿಯಾಗುತ್ತದೆ, ಇನ್ನೊಂದು ಆಗುವುದಿಲ್ಲ ಎಂದರೆ, ಮುಪ್ಪನ್ನು ತರುತ್ತಿರುವುದು ಒಟ್ಟು ಭಾರವಲ್ಲ, ಆ ಭಾರ ಎಲ್ಲಿ ಹೋಗಿ ಕುಳಿತಿದೆ ಎಂಬುದೇ ಎಂದು ಇದರಿಂದ ತಿಳಿಯುತ್ತದೆ.

ಕೊಬ್ಬು ಬರಿಯ ಹೊರೆಯಲ್ಲ ಎಂಬ ತಿಳಿವಳಿಕೆಗೆ ಸುಮಾರು ಮೂವತ್ತು ವರ್ಷಗಳಷ್ಟೇ ಆಗಿವೆ. ಕೊಬ್ಬಿನ ಅಂಗಾಂಶ ಉರಿಯೂತದ ಸಂದೇಶವಾಹಕವೊಂದನ್ನು ತಾನೇ ಹೊರಬಿಡುತ್ತದೆ ಎಂದು 1993ರಲ್ಲಿ ಗೊತ್ತಾಯಿತು. 1994ರಲ್ಲಿ ಹಸಿವನ್ನು ನಿಯಂತ್ರಿಸುವ ಲೆಪ್ಟಿನ್ ಹಾರ್ಮೋನನ್ನು ಉತ್ಪಾದಿಸುವುದೂ ಅದೇ ಎಂದು ತಿಳಿಯಿತು. ಅಲ್ಲಿಂದಾಚೆಗೆ ವಿಜ್ಞಾನಿಗಳು ಅದನ್ನು ಗ್ರಂಥಿಯೆಂದೇ ಪರಿಗಣಿಸುತ್ತಾರೆ. ಅದರ ಮೂಲ ಕೆಲಸ ಕಣಜದ್ದು. ಸುಗ್ಗಿಯಲ್ಲಿ ತುಂಬಿ, ಬರಗಾಲದಲ್ಲಿ ಬಿಡಿಸಿಕೊಳ್ಳುವ ಕಣಜ ಆರೋಗ್ಯಕರ ವ್ಯವಸ್ಥೆ. ಚರ್ಮದಡಿಯ ಕೊಬ್ಬು, ಅದರಲ್ಲಿಯೂ ತೊಡೆ ಮತ್ತು ನಿತಂಬದ ಕೊಬ್ಬು, ಬಹುಮಟ್ಟಿಗೆ ಇಂಥದು. ಕಣಜ ತುಂಬಿದ ಮೇಲೂ ಗಾಡಿಗಳು ಬಂದು ನಿಲ್ಲುತ್ತಲೇ ಇದ್ದರೆ ಧಾನ್ಯವನ್ನು ನಡುಮನೆಯಲ್ಲಿ, ಅಡುಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ ಸುರಿಯಬೇಕಾಗುತ್ತದೆ. ದೇಹದಲ್ಲಿ ಆ ಅಡುಗೆಮನೆ, ಕೊಟ್ಟಿಗೆಗಳೆಂದರೆ ಲಿವರ್, ಮೇದೋಜೀರಕ ಗ್ರಂಥಿ, ಸ್ನಾಯು ಮತ್ತು ಕರುಳಿನ ಸುತ್ತಲಿನ ಒಳಹೊಟ್ಟೆ.

ಹಿಗ್ಗಿದ ಕೊಬ್ಬಿನ ಕೋಶಕ್ಕೆ ರಕ್ತ ಸಾಲದು, ಆಮ್ಲಜನಕ ಸಾಲದು. ಕೆಲವು ಸಾಯುತ್ತವೆ, ಅವನ್ನು ತೆರವುಗೊಳಿಸಲು ರಕ್ಷಣಾ ಕೋಶಗಳು ಧಾವಿಸುತ್ತವೆ. ತೆಳ್ಳಗಿನವರ ಕೊಬ್ಬಿನ ಅಂಗಾಂಶದಲ್ಲಿ ಇಂಥ ಭಕ್ಷಕ ಕೋಶಗಳು ಶೇ 10ಕ್ಕಿಂತ ಕಡಿಮೆಯಿದ್ದರೆ, ತೀವ್ರ ಬೊಜ್ಜಿನವರಲ್ಲಿ ಶೇ 40ರ ಸಮೀಪಕ್ಕೆ ಹೋಗುತ್ತವೆ ಎಂದು 2003ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಸಾಯದೆ ಉಳಿದ ಕೋಶಗಳಲ್ಲಿ ಇನ್ನು ಕೆಲವು ಮುದಿಯಾಗಿ ನಿಲ್ಲುತ್ತವೆ. ‘ಮುದಿ ಜೀವಕೋಶ’ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. ಡಿಎನ್‌ಎಗೆ ಪೆಟ್ಟು ಬಿದ್ದು ಇನ್ನು ವಿಭಜನೆಯಾಗುವುದು ಅಪಾಯವೆಂದು ತಿಳಿದ ಕೋಶ ತನ್ನ ವಿಭಜನೆಗೆ ಶಾಶ್ವತವಾಗಿ ಬೀಗ ಹಾಕಿಕೊಳ್ಳುತ್ತದೆ. ಕ್ಯಾನ್ಸರ್ ತಡೆಯುವ ದೃಷ್ಟಿಯಿಂದ ಇದು ಒಳ್ಳೆಯ ವ್ಯವಸ್ಥೆ. ತೊಂದರೆ ಎಂದರೆ ಅದು ಸುಮ್ಮನಿರುವುದಿಲ್ಲ. ಸುತ್ತಲಿನ ಅಂಗಾಂಶವನ್ನು ಕರಗಿಸುವ ಕಿಣ್ವಗಳನ್ನೂ ಉರಿಯೂತದ ಸಂದೇಶಗಳನ್ನೂ ಎಡೆಬಿಡದೆ ಸುರಿಸುತ್ತಾ ಪಕ್ಕದ ಆರೋಗ್ಯವಂತ ಕೋಶಗಳನ್ನೂ ಮುದಿತನಕ್ಕೆ ಎಳೆಯುತ್ತದೆ. ಪಪ್ಪಾಯಿ ಬುಟ್ಟಿಯಲ್ಲಿ ಒಂದು ಕೊಳೆತರೆ ಉಳಿದವಕ್ಕೆ ಏನಾಗುತ್ತದೆಂದು ದೇವರಾಜ ಮಾರುಕಟ್ಟೆಯ ವ್ಯಾಪಾರಿಗಳಿಗೆ ಹೇಳಿಕೊಡಬೇಕಾಗಿಲ್ಲ.

2018ರಲ್ಲಿ ಅಮೆರಿಕದ ಸಂಶೋಧಕರು ಕೊಬ್ಬಿನ ಅಂಗಾಂಶದಿಂದಲೇ ತೆಗೆದ ಎಳೆಯ ಕೋಶಗಳನ್ನು ಪ್ರಯೋಗಾಲಯದಲ್ಲಿ ಮುದಿಗೊಳಿಸಿ, ಪ್ರಾಯದ ಇಲಿಗಳ ಹೊಟ್ಟೆಯೊಳಗೆ ಸೇರಿಸಿದರು. ಇಲಿಯ ಒಟ್ಟು ಜೀವಕೋಶಗಳ ಲೆಕ್ಕಕ್ಕೆ ಅವು ಏನೇನೂ ಅಲ್ಲ. ಆದರೂ ವಾರಗಳೊಳಗೆ ಆ ಇಲಿಗಳ ನಡಿಗೆ ನಿಧಾನವಾಯಿತು, ಹಿಡಿತ ಸಡಿಲವಾಯಿತು, ಸೇರಿಸಿದ ಜಾಗದಿಂದ ದೂರದ ಅಂಗಗಳಲ್ಲಿ ಹೊಸ ಮುದಿ ಕೋಶಗಳು ಕಾಣಿಸಿಕೊಂಡವು. ಹೊಟ್ಟೆಯೊಳಗಿನ ಕೊಬ್ಬಿಗೂ ಮೊಣಕಾಲು, ರಕ್ತನಾಳ, ಮೆದುಳುಗಳ ಮುಪ್ಪಿಗೂ ಇರುವ ನಂಟು ಏಕೆ ಇಷ್ಟು ಗಟ್ಟಿ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇರೆ ಸಿಗುವುದು ಕಷ್ಟ.

ಇನ್ನೊಂದು ಕಾರಣವನ್ನು ಚಿಕ್ಕದಾಗಿ ಹೇಳಬಹುದು. ಜೀವಕೋಶ ತನ್ನೊಳಗಿನ ಹಳೆಯ, ಕೆಟ್ಟ ಭಾಗಗಳನ್ನು ತಾನೇ ಅರಗಿಸಿಕೊಂಡು ಮನೆ ಚೊಕ್ಕಟ ಮಾಡಿಕೊಳ್ಳುತ್ತದೆ. ಇದರ ಒಳಗುಟ್ಟು ಬಿಡಿಸಿದ್ದಕ್ಕೆ ಜಪಾನಿನ ಯೊಶಿನೊರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಈ ಕೆಲಸ ಚುರುಕಾಗುವುದು ಆಹಾರದ ಒಳಹರಿವು ಕಡಿಮೆಯಿದ್ದಾಗ. ನೆಂಟರು ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇದ್ದರೆ ಅಟ್ಟ ಗುಡಿಸುವುದಕ್ಕೆ ಬಿಡುವೆಲ್ಲಿ? ಬೆಳಗಿನಿಂದ ಮಲಗುವವರೆಗೆ ಟೀ, ಬಿಸ್ಕತ್ತು, ಬೋಂಡಾ ಎಂದು ಬಾಯಾಡುತ್ತಲೇ ಇರುವ ದೇಹದ ಕೋಶಗಳ ಪಾಡೂ ಅದೇ.

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಪಾಶ್ಚಾತ್ಯ ದೇಹಗಳ ಮೇಲಿನ ಅಧ್ಯಯನದಿಂದ ಬಂದ ತಿಳಿವಳಿಕೆ. ನಮ್ಮ ದೇಹಗಳ ವಿಷಯ ಬೇರೆ. 2004ರಲ್ಲಿ ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಒಂದು ಚಿತ್ರವನ್ನು ‘ದಿ ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಪಕ್ಕಪಕ್ಕದಲ್ಲಿ ನಿಂತ ಅವರಿಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬಿನ ಪಾಲು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ತೂಕದ ಯಂತ್ರ ಇಬ್ಬರನ್ನೂ ಸಮನಾಗಿ ಆರೋಗ್ಯವಂತರೆಂದು ಕಳುಹಿಸುತ್ತಿತ್ತು. ಕೈಕಾಲು ಕೃಶ, ಮುಖ ಸೊರಗಿದಂತೆ, ಆದರೆ ಪಂಚೆಯ ಗಂಟಿನ ಮೇಲೆ ಹೊಟ್ಟೆ ಮುಂದೆ ಬಂದಿರುವ ಐವತ್ತರ ಆಸುಪಾಸಿನ ಗಂಡಸರನ್ನು ಮಂಡ್ಯ ಜಿಲ್ಲೆಯ ಯಾವ ಸಂತೆಯಲ್ಲಾದರೂ ನೋಡಬಹುದು. ಅವರಾರೂ ತಮ್ಮನ್ನು ದಪ್ಪಗಿರುವವರೆಂದು ಭಾವಿಸಿಲ್ಲ.

ಅಂಕಿಗಳೂ ಇದನ್ನೇ ಹೇಳುತ್ತವೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಮಹಿಳೆಯರಲ್ಲಿ ಸುಮಾರು ಶೇ 30ರಷ್ಟು ಮಂದಿಗೆ ತೂಕ ಹೆಚ್ಚು. ದೇಶದ ಸರಾಸರಿ ಶೇ 24. ಅದೇ ಹೊತ್ತಿಗೆ ರಾಜ್ಯದ ಮಹಿಳೆಯರಲ್ಲಿ ಸುಮಾರು ಶೇ 17ರಷ್ಟು ಮಂದಿ ಇರಬೇಕಾದ ತೂಕಕ್ಕಿಂತ ಕಡಿಮೆಯಿದ್ದಾರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಮಧುಮೇಹ ಸಮೀಕ್ಷೆಯಲ್ಲಿ, ಬಿಎಂಐ ಲೆಕ್ಕದ ಬೊಜ್ಜು ಶೇ 28.6ರಷ್ಟು ವಯಸ್ಕರಲ್ಲಿದ್ದರೆ ಸೊಂಟದ ಸುತ್ತಳತೆಯ ಲೆಕ್ಕದ ಬೊಜ್ಜು ಶೇ 39.5ರಷ್ಟು ಜನರಲ್ಲಿತ್ತು. ಎರಡರ ನಡುವಿನ ಅಂತರವನ್ನು ಕಳೆದು ನೋಡಿದರೂ ನೂರರಲ್ಲಿ ಕನಿಷ್ಠ ಹತ್ತು ಮಂದಿ ತೂಕದ ಯಂತ್ರದ ಕಣ್ಣಿಗೆ ಬೀಳದೆ, ಹೊಟ್ಟೆಯಲ್ಲಿ ಕೊಬ್ಬು ಹೊತ್ತವರಾಗುತ್ತಾರೆ.

ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಮೈಸೂರಿಗೆ ಬರಬೇಕಾಗುತ್ತದೆ. ಜನ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ಬರೆದಿಟ್ಟ ದಾಖಲೆಗಳು ಉಳಿದುಕೊಂಡಿದ್ದವು. ತಾಯಂದಿರ ತೂಕವನ್ನೂ ಬರೆಯಲಾಗಿತ್ತು. ಗರ್ಭದಲ್ಲಿನ ಪೋಷಣೆ ಮುಂದಿನ ಜೀವಮಾನದ ರೋಗಗಳನ್ನು ರೂಪಿಸುತ್ತದೆ ಎಂಬ ಸಿದ್ಧಾಂತವನ್ನು ಇಂಗ್ಲೆಂಡಿನ ಹಳೆಯ ದಾಖಲೆಗಳಿಂದ ಮುಂದಿಟ್ಟಿದ್ದ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಮತ್ತು ಕ್ಯಾರೊಲಿನ್ ಫಾಲ್ ಅವರ ತಂಡ ಇಲ್ಲಿನ ವೈದ್ಯರೊಂದಿಗೆ ಸೇರಿ ಈ ದಾಖಲೆಗಳನ್ನು ಕೈಗೆತ್ತಿಕೊಂಡಿತು. ಆಸ್ಪತ್ರೆಯ ಸುತ್ತಮುತ್ತಲ ಬೀದಿಗಳಲ್ಲಿ ಮನೆಮನೆಗೆ ಹೋಗಿ, 1934ರಿಂದ 1954ರ ನಡುವೆ ಅಲ್ಲಿಯೇ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಲಾಯಿತು. ಹೆರಿಗೆ ಕೋಣೆಯಲ್ಲಿ ದಾದಿಯೊಬ್ಬರು ಅರ್ಧ ಶತಮಾನದ ಹಿಂದೆ ಶ್ರದ್ಧೆಯಿಂದ ಬರೆದ ಒಂದು ಸಾಲಿಗೆ ಹೃದಯದ ಇಸಿಜಿ ಪಟ್ಟಿಯನ್ನು ಜೋಡಿಸಿ ನೋಡುವುದು ಭಾರತದಲ್ಲಿ ಅಲ್ಲಿಯವರೆಗೆ ಸಾಧ್ಯವಾಗಿರಲಿಲ್ಲ. ಆ ದಾದಿಯರ ಹೆಸರು ನಮಗೆ ಗೊತ್ತಿಲ್ಲದಿರುವುದು ನನ್ನನ್ನು ಇಂದಿಗೂ ಕಾಡುತ್ತದೆ.

1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿ ಹುಟ್ಟಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ 11ರಷ್ಟಿತ್ತು, ಚೆನ್ನಾಗಿ ತೂಗಿ ಹುಟ್ಟಿದವರಲ್ಲಿ ಶೇ 3ರಷ್ಟು. ಕೂಸೂ ಚಿಕ್ಕದು, ತಾಯಿಯೂ ಗರ್ಭಿಣಿಯಾಗಿದ್ದಾಗ 45 ಕಿಲೋಗಿಂತ ಕಡಿಮೆ ಎಂಬ ಕಡೆಯಲ್ಲಿ, ಆ ಕೂಸುಗಳಲ್ಲಿ ಈಗ 45 ವರ್ಷ ದಾಟಿದವರ ಪೈಕಿ ಐವರಲ್ಲಿ ಒಬ್ಬರಿಗೆ ಕಾಯಿಲೆ ಇತ್ತು. ಎರಡು ವರ್ಷಗಳ ಬಳಿಕ ಮಧುಮೇಹದ ಫಲಿತಾಂಶ ಬಂದಾಗ ಕತೆ ಇನ್ನಷ್ಟು ತೊಡಕಾಯಿತು. ಮಧುಮೇಹ ಹೆಚ್ಚಾಗಿದ್ದುದು ಬರಿ ಚಿಕ್ಕ ಕೂಸುಗಳಾಗಿ ಹುಟ್ಟಿದವರಲ್ಲಿ ಅಲ್ಲ. ಉದ್ದ ಕಡಿಮೆಯಿದ್ದು, ಆ ಉದ್ದಕ್ಕೆ ಹೋಲಿಸಿದರೆ ಗುಂಡುಗುಂಡಗೆ ಇದ್ದವರಲ್ಲಿ, ಮತ್ತು ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಹಸಿದ ಗರ್ಭವೂ ಅತಿಯಾಗಿ ಉಂಡ ಗರ್ಭವೂ ಬೇರೆ ಬೇರೆ ದಾರಿಯಿಂದ ಮುಪ್ಪಿನ ರೋಗಗಳಿಗೆ ಹೊರಟು ನಿಲ್ಲುತ್ತವೆ ಎಂಬ ಅರಿವು ಹೀಗೆ ಮೊದಲು ಗಟ್ಟಿಯಾದ ಜಾಗಗಳಲ್ಲಿ ಮೈಸೂರೂ ಒಂದು.

ಇದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಹೊಸದೊಂದು ಅಧ್ಯಯನ ಶುರುವಾಯಿತು. ಈ ಬಾರಿ ಹಳೆಯ ಕಡತಗಳನ್ನು ಹುಡುಕುವ ಬದಲು, ಗರ್ಭಿಣಿಯರನ್ನೇ ಪರೀಕ್ಷಿಸಿ ಅವರ ಮಕ್ಕಳನ್ನು ವರ್ಷಾನುವರ್ಷ ಹಿಂಬಾಲಿಸುವ ಯೋಜನೆ. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಈ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳೊಂದಿಗೆ ಹೋಲಿಸಿದಾಗ, ತೂಕ, ಉದ್ದ, ತೋಳಿನ ಸುತ್ತಳತೆ ಎಲ್ಲದರಲ್ಲಿಯೂ ಮೈಸೂರಿನವು ಚಿಕ್ಕವು. ಒಂದರಲ್ಲಿ ಮಾತ್ರ ಹೆಚ್ಚುಕಡಿಮೆ ಸಮ: ಬೆನ್ನಿನ ಮೇಲ್ಭಾಗದ ಚರ್ಮದಡಿಯ ಕೊಬ್ಬು. ಅಂದರೆ ಸ್ನಾಯು ಮತ್ತು ಅಂಗಗಳಿಗೆ ಪೋಷಣೆ ಸಾಲದಿದ್ದಾಗಲೂ ಮುಂಡದ ಕೊಬ್ಬಿಗೆ ಮೀಸಲು ಉಳಿದಿತ್ತು, ಈ ಬಗೆ ಮಕ್ಕಳು ಬೆಳೆದಂತೆಯೂ ಮುಂದುವರಿಯಿತು. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷದ ಹೊತ್ತಿಗೆ ಕೊಬ್ಬು ಹೆಚ್ಚು, ಇನ್ಸುಲಿನ್ನಿಗೆ ದೇಹ ಮಣಿಯದಿರುವುದೂ ಹೆಚ್ಚು. ಹೆಣ್ಣುಮಕ್ಕಳಲ್ಲಿ ಇದು ಐದನೆಯ ವಯಸ್ಸಿನಲ್ಲಿಯೇ ಕಾಣಿಸಿಕೊಂಡಿತ್ತು.

ಕಣಜದ ಮಾತಿಗೆ ಮರಳಿದರೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಚಿಕ್ಕದಾಗಿ ಹುಟ್ಟಿದ ದೇಹದಲ್ಲಿ ಸಕ್ಕರೆಯನ್ನು ಬಳಸಿಕೊಳ್ಳುವ ಸ್ನಾಯು ಕಡಿಮೆ, ಕೊಬ್ಬನ್ನು ಸುರಕ್ಷಿತವಾಗಿ ಇಡುವ ಕಣಜವೂ ಕಿರಿದು. ಹೀಗಾಗಿ ಯುರೋಪಿನ ವ್ಯಕ್ತಿಯ ದೇಹದಲ್ಲಿ ತೂಕ ಬಹಳ ಏರಿದ ಮೇಲೆ ಒಳಹೊಟ್ಟೆಗೂ ಲಿವರಿಗೂ ಚೆಲ್ಲಬೇಕಾದ ಕೊಬ್ಬು ನಮ್ಮಲ್ಲಿ ತೂಕ ಸ್ವಲ್ಪ ಏರುವಷ್ಟರಲ್ಲಿ ಚೆಲ್ಲಬಹುದು. ಭಾರತೀಯರಿಗೆ ಬಿಎಂಐ 25ರ ಬದಲು 23ರಿಂದಲೇ ಎಚ್ಚರಿಕೆ ಬೇಕೆಂದೂ, ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದೆಂದೂ ತಜ್ಞರು ಹೇಳುವುದು ಇದೇ ಕಾರಣಕ್ಕೆ. ಬಿಎಂಐ ಒಂದನ್ನೇ ಹಿಡಿದು ಬೊಜ್ಜಿನ ರೋಗವನ್ನು ನಿರ್ಧರಿಸಬಾರದೆಂದು 2025ರ ಜನವರಿಯಲ್ಲಿ ಅಂತರರಾಷ್ಟ್ರೀಯ ತಜ್ಞರ ಆಯೋಗವೊಂದೂ ಹೇಳಿತು. ಮೈಸೂರಿನ ದಾಖಲೆಗಳು ಆ ಮಾತನ್ನು ಬಹಳ ಹಿಂದೆಯೇ ಬೇರೆ ಭಾಷೆಯಲ್ಲಿ ಹೇಳಿದ್ದವು.

ತೂಕ ಇಳಿಸಿದರೆ ಜೀವಕೋಶ ಮತ್ತೆ ಪ್ರಾಯಕ್ಕೆ ಬರುತ್ತದೆಯೇ? ಈ ಪ್ರಶ್ನೆಗೆ ಹೌದು ಎಂದು ಹೇಳುವ ಉತ್ಸಾಹ ಮಾರುಕಟ್ಟೆಯಲ್ಲಿ ಹೆಚ್ಚು. ಪುರಾವೆ ಮಿಶ್ರವಾಗಿದೆ. ಹೊರ್ವಾಥ್ ತಂಡ ಹೊಟ್ಟೆಯ ಶಸ್ತ್ರಚಿಕಿತ್ಸೆಯಿಂದ ಬೇಗಬೇಗ ತೂಕ ಇಳಿದವರ ಲಿವರನ್ನೂ ನೋಡಿತ್ತು. ತೂಕ ಇಳಿದರೂ ಲಿವರಿನ ಗಡಿಯಾರ ಅಲ್ಪಕಾಲದಲ್ಲಿ ಹಿಂದಕ್ಕೆ ಬಂದಿರಲಿಲ್ಲ. ದೇಹದ ಕೊಬ್ಬಿನ ಕೋಶಗಳ ಸಂಖ್ಯೆ ಬಾಲ್ಯ ಮತ್ತು ಹರೆಯದಲ್ಲಿ ನಿಗದಿಯಾಗಿ, ವಯಸ್ಕರಲ್ಲಿ ತೂಕ ಇಳಿದರೂ ಕಡಿಮೆಯಾಗುವುದಿಲ್ಲ, ವರ್ಷಕ್ಕೆ ಸುಮಾರು ಹತ್ತನೆಯ ಒಂದು ಭಾಗ ಸತ್ತು ಅಷ್ಟೇ ಹೊಸದಾಗಿ ಹುಟ್ಟುತ್ತದೆ ಎಂದು 2008ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಬೊಜ್ಜಿನ ಕಾಲದ ಗುರುತುಗಳು ತೂಕ ಇಳಿದ ಮೇಲೂ ಕೊಬ್ಬಿನ ಕೋಶಗಳಲ್ಲಿ ಉಳಿದಿರುತ್ತವೆ ಎಂದು 2024ರಲ್ಲಿ ಜ್ಯೂರಿಕ್‌ನಿಂದ ಬಂದ ಸಂಶೋಧನೆ ಹೇಳಿತು. ಇಳಿಸಿದ ತೂಕ ಅಷ್ಟು ಸುಲಭವಾಗಿ ಮರಳಿ ಬರುವುದು ಮನೋಬಲದ ಕೊರತೆಯಿಂದ ಮಾತ್ರವಲ್ಲ ಎಂಬುದನ್ನು ಮನೆಯವರೂ ವೈದ್ಯರೂ ಅರಿಯಬೇಕು. ದಪ್ಪಗಿರುವವರನ್ನು ಹೀಯಾಳಿಸುವುದರಿಂದ ಯಾರ ಜೀವಕೋಶವೂ ಎಳೆಯದಾಗಿಲ್ಲ.

ಹಾಗೆಂದು ಭರವಸೆ ಇಲ್ಲವೆಂದಲ್ಲ. ಅಮೆರಿಕದಲ್ಲಿ ಬೊಜ್ಜಿಲ್ಲದ ಸುಮಾರು 220 ಆರೋಗ್ಯವಂತರನ್ನು ಆರಿಸಿ, ಅವರಲ್ಲಿ ಒಂದು ಗುಂಪಿಗೆ ಎರಡು ವರ್ಷ ಊಟವನ್ನು ಕಾಲು ಭಾಗ ಕಡಿಮೆ ಮಾಡಲು ಹೇಳಲಾಯಿತು. ಅವರು ನಿಜವಾಗಿ ಕಡಿಮೆ ಮಾಡಿದ್ದು ಶೇ 12ರಷ್ಟು. ಅಷ್ಟಕ್ಕೇ ಮುಪ್ಪಿನ ವೇಗವನ್ನು ಅಳೆಯುವ ಒಂದು ಲೆಕ್ಕ ಶೇ 2ರಿಂದ 3ರಷ್ಟು ನಿಧಾನವಾಯಿತು ಎಂದು 2023ರ ವರದಿ ಹೇಳುತ್ತದೆ. ಬೇರೆ ಎರಡು ಗಡಿಯಾರಗಳಲ್ಲಿ ಬದಲಾವಣೆ ಕಾಣಲಿಲ್ಲ. ಅಂಗಾಂಗಗಳ ಮಟ್ಟದಲ್ಲಿ ಫಲ ಇನ್ನೂ ಸ್ಪಷ್ಟ. ಬ್ರಿಟನ್ನಿನಲ್ಲಿ ನಡೆದ ಪ್ರಯೋಗವೊಂದರಲ್ಲಿ, ಮಧುಮೇಹಿಗಳು ತೂಕ ಇಳಿಸುವ ಯೋಜನೆಗೆ ಒಳಪಟ್ಟ ಒಂದು ವರ್ಷದೊಳಗೆ ಶೇ 46ರಷ್ಟು ಮಂದಿ ಮಾತ್ರೆಯಿಲ್ಲದೆ ಸಹಜ ಸಕ್ಕರೆ ಮಟ್ಟಕ್ಕೆ ಮರಳಿದರು; 15 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಿ ಈ ಪ್ರಮಾಣ ಶೇ 86. ಲಿವರ್ ಮತ್ತು ಮೇದೋಜೀರಕದಲ್ಲಿ ಚೆಲ್ಲಿದ್ದ ಕೊಬ್ಬು ಖಾಲಿಯಾದದ್ದೇ ಇದರ ಗುಟ್ಟು. ತೂಕ ಮರಳಿದವರಲ್ಲಿ ಕಾಯಿಲೆಯೂ ಮರಳಿತು.

ತೂಕ ಇಳಿಸುವ ಸೆಮಾಗ್ಲುಟೈಡ್‌ನಂಥ ಹೊಸ ಚುಚ್ಚುಮದ್ದುಗಳ ಚರ್ಚೆಯೂ ಇಲ್ಲಿಗೇ ಬಂದು ಸೇರುತ್ತದೆ. ಅದರ ಮುಖ್ಯ ಪೇಟೆಂಟ್ ಭಾರತದಲ್ಲಿ ಇದ್ದುದು 2026ರ ಮಾರ್ಚ್‌ವರೆಗೆ. ಬೆಲೆ ಇಳಿದಂತೆ ಜಿಲ್ಲಾ ಕೇಂದ್ರಗಳ ಔಷಧ ಅಂಗಡಿಗಳಲ್ಲಿಯೂ ಕೇಳುವವರು ಹೆಚ್ಚುತ್ತಾರೆ. ಬೊಜ್ಜಿನಿಂದ ನಿಜವಾಗಿ ನರಳುವವರಿಗೆ ಇದು ದೊಡ್ಡ ಆಸರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನನ್ನ ಆತಂಕ ಬೇರೆ. ಇಂಥ ಔಷಧಿಗಳಿಂದ ಇಳಿಯುವ ತೂಕದಲ್ಲಿ ಕಾಲು ಭಾಗದಿಂದ ಶೇ 40ರವರೆಗೆ ಕೊಬ್ಬಲ್ಲದ ಭಾಗ ಇರಬಹುದು, ಸ್ನಾಯುವೂ ಅದರಲ್ಲಿ ಸೇರಿದೆ. ಹುಟ್ಟಿನಿಂದಲೇ ಸ್ನಾಯುವಿನ ಬಂಡವಾಳ ಕಡಿಮೆಯಿರುವ ದೇಹ, ವೈದ್ಯರ ಮೇಲ್ವಿಚಾರಣೆಯೂ ಸಾಕಷ್ಟು ಬೇಳೆಕಾಳೂ ವ್ಯಾಯಾಮವೂ ಇಲ್ಲದೆ ಬರಿ ಅಂಕಿ ಇಳಿಸಿಕೊಂಡರೆ, ಎಪ್ಪತ್ತರ ವಯಸ್ಸಿನಲ್ಲಿ ಕುರ್ಚಿಯಿಂದ ಏಳಲು ಆಗದ ಸ್ಥಿತಿಗೆ ಬೇಗ ತಲುಪಬಹುದು. ವಯಸ್ಸಾದವರಲ್ಲಿ ಕಾರಣವಿಲ್ಲದೆ ತೂಕ ಇಳಿಯುವುದು ಶುಭಲಕ್ಷಣವಲ್ಲ ಎಂಬುದನ್ನೂ ಇದರ ಜತೆಗೆ ನೆನಪಿಡಬೇಕು.

ಮಂಡ್ಯದ ಊಟದ ವಿಷಯ ಬಂದಾಗ ‘ನಮ್ಮದು ಮುದ್ದೆ ಊಟ, ನಮಗೇನು’ ಎನ್ನುವವರಿದ್ದಾರೆ. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಹರಿದ 1930ರ ದಶಕದಿಂದ ಈಚೆಗೆ ಜಿಲ್ಲೆಯ ಬಯಲಿನಲ್ಲಿ ರಾಗಿಯ ಜಾಗಕ್ಕೆ ಭತ್ತ ಮತ್ತು ಕಬ್ಬು ಬಂದವು, ತಟ್ಟೆಯಲ್ಲಿ ಬಿಳಿ ಅನ್ನದ ಪಾಲು ಏರಿತು. ರಾಗಿ ಒಳ್ಳೆಯ ಧಾನ್ಯ, ಅದರ ನಾರಿನ ಅಂಶ ಬಿಳಿ ಅಕ್ಕಿಗಿಂತ ಬಹಳ ಹೆಚ್ಚು. ಆದರೆ ಆ ಮುದ್ದೆ ರೂಪುಗೊಂಡಿದ್ದು ಹಗಲಿಡೀ ನೇಗಿಲು ಹಿಡಿದು, ನಾಟಿ ಮಾಡಿ, ಕಬ್ಬು ಕಡಿದು, ಹೊರೆ ಹೊತ್ತು ಬಂದ ದೇಹಕ್ಕೆ. ಉಳುಮೆ ಟಿಲ್ಲರಿಗೂ ಕೊಯ್ಲು ಯಂತ್ರಕ್ಕೂ ಊರ ಓಡಾಟ ಬೈಕಿಗೂ ಹೋದ ಮೇಲೆ ಮುದ್ದೆಯ ಗಾತ್ರ ಮಾತ್ರ ಹಾಗೆಯೇ ಉಳಿದರೆ ಅದು ಹೊಟ್ಟೆಯಲ್ಲಿ ಕೂರುತ್ತದೆ. ಹೋಗಬೇಕಾದದ್ದು ಮುದ್ದೆಯಲ್ಲ, ಅದರ ಜತೆಗಿನ ಬಸ್ಸಾರಿನಲ್ಲಿ ಕಾಳು ಮತ್ತು ಸೊಪ್ಪು ಕಡಿಮೆಯಾಗಿರುವುದು ಸರಿಹೋಗಬೇಕು: ಹುರುಳಿ, ಅವರೆ, ಹೆಸರು, ಮಾಂಸ ತಿನ್ನುವವರಿಗೆ ಮೊಟ್ಟೆ, ಮೀನು. ಜತೆಗೆ ವಾರದಲ್ಲಿ ಎರಡು ಮೂರು ದಿನವಾದರೂ ಸ್ನಾಯುವಿಗೆ ಭಾರ ಬೀಳುವ ಕೆಲಸ. ನಡಿಗೆ ಒಳ್ಳೆಯದು, ಅದೊಂದೇ ಸ್ನಾಯು ಕಟ್ಟುವುದಿಲ್ಲ.

ಅಳತೆಯ ವಿಷಯದಲ್ಲಿ ನನ್ನ ಸಲಹೆ ಸರಳ. ಮನೆಯಲ್ಲಿರುವ ಟೈಲರ್ ಟೇಪನ್ನು ಹೊಕ್ಕುಳ ಮಟ್ಟದಲ್ಲಿ ಸುತ್ತಿ ನೋಡಿ, ವರ್ಷಕ್ಕೊಮ್ಮೆ ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ, ಕೈ ಊರದೆ ಕುರ್ಚಿಯಿಂದ ಎಷ್ಟು ಸಲ ಏಳಬಲ್ಲಿರಿ ಎಂದು ಎಣಿಸಿ. ಜೀವಕೋಶದ ಮುಪ್ಪಿನ ಬಗ್ಗೆ ದುಬಾರಿ ಗಡಿಯಾರಗಳು ಹೇಳುವುದಕ್ಕಿಂತ ಹೆಚ್ಚನ್ನು ಈ ಮೂರು ಹೇಳುತ್ತವೆ.

1997–98ರಲ್ಲಿ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿ, ಬೆನ್ನಿನ ಕೊಬ್ಬನ್ನು ಅಳೆಸಿಕೊಂಡ ಆ ಹೆಣ್ಣುಕೂಸುಗಳು ಈಗ ತಾಯಂದಿರಾಗುವ ವಯಸ್ಸಿನಲ್ಲಿದ್ದಾರೆ. ಅವರ ಓರಗೆಯವರು ಮೈಸೂರು, ಮಂಡ್ಯ ಜಿಲ್ಲೆಗಳ ಆರೋಗ್ಯ ಕೇಂದ್ರಗಳಲ್ಲಿ ತಾಯಿ ಕಾರ್ಡ್ ಹಿಡಿದು ಸಾಲಿನಲ್ಲಿ ಕೂರುತ್ತಾರೆ. ಗರ್ಭಿಣಿಯರ ಸಕ್ಕರೆ ಪರೀಕ್ಷೆಗೆ ದೇಶದಲ್ಲಿ ಸ್ಪಷ್ಟ ನಿಯಮವಿದೆ: ಮೊದಲ ಭೇಟಿಯಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಬಳಿಕ ರಕ್ತ ಪರೀಕ್ಷೆ, ಅಲ್ಲಿ ಸಹಜವಿದ್ದರೆ 24ರಿಂದ 28ನೇ ವಾರದ ನಡುವೆ ಮತ್ತೊಮ್ಮೆ, 140 ಮಿಲಿಗ್ರಾಂ ಮುಟ್ಟಿದರೆ ಚಿಕಿತ್ಸೆ. ‘ಹುಡುಗಿ ತೆಳ್ಳಗಿದ್ದಾಳೆ, ಸಕ್ಕರೆ ಕಾಯಿಲೆ ಎಲ್ಲಿಂದ ಬರುತ್ತದೆ’ ಎಂದು ಅತ್ತೆಯೋ ಅಮ್ಮನೋ ಹೇಳಿದರೂ ಆ ಎರಡನೆಯ ಪರೀಕ್ಷೆಯನ್ನು ಬಿಡಬಾರದು.